ಮಾರ್ಫಿ, ಫಿಷರ್: ಪ್ರತಿಭೆಯ ಶಿಖರ, ಮನಸ್ಸಿನ ತಳಮಳ

ಅಮೆರಿಕದ ಪಾಲ್ ಮಾರ್ಫಿ (1837–1884) ಹಾಗೂ ಬಾಬಿ ಫಿಷರ್ (1943–2008) ಅವರ ಜನನಗಳ ನಡುವೆ ಶತಮಾನಕ್ಕೂ ಮಿಗಿಲಾದ ಅಂತರವಿದೆ. ಆದರೆ ಇಬ್ಬರೂ ಕೀರ್ತಿಯ ತುದಿಯಲ್ಲಿದ್ದಾಗಲೇ ಸ್ಪರ್ಧಾಕಣವನ್ನು ತೊರೆದರು.

ನ್ಯೂ ಆರ್ಲಿಯನ್ಸ್‌ನ ಮಾರ್ಫಿ 1858ರಲ್ಲಿ ಪ್ಯಾರಿಸ್‌ನಲ್ಲಿ ಜರ್ಮನ್ ಆಟಗಾರ ಅಡಾಲ್ಫ್ ಆಂಡರ್ಸನ್ ಅವರನ್ನು ಮಣಿಸಿದಾಗ ವಯಸ್ಸು ಕೇವಲ 21. ಅನತಿಕಾಲದಲ್ಲೇ ಸ್ಪರ್ಧೆಗಳಿಂದ ದೂರ ಸರಿದ ಅವರನ್ನು, ತಮ್ಮ ವಿರುದ್ಧ ಸಂಚು ನಡೆದಿದೆ ಎಂಬ ಭ್ರಮೆ ಕೊನೆಯ ವರ್ಷಗಳಲ್ಲಿ ಕಾಡಿತು.

ಫಿಷರ್ 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಸೋವಿಯತ್ ಒಕ್ಕೂಟದ ಬೋರಿಸ್ ಸ್ಪಾಸ್ಕಿ ಅವರನ್ನು 12.5–8.5 ಅಂಕಗಳಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. ತಮ್ಮ ಷರತ್ತುಗಳೆಲ್ಲ ಅಂಗೀಕಾರವಾಗದ ಕಾರಣ 1975ರಲ್ಲಿ ಅನತೊಲಿ ಕಾರ್ಪೋವ್ ವಿರುದ್ಧ ಆಡದೆ ಪಟ್ಟ ಕಳೆದುಕೊಂಡರು. ಅನಂತರದ ಅವರ ಯಹೂದಿದ್ವೇಷದ ಮಾತುಗಳು ಕೀರ್ತಿಗೆ ಮಸಿ ಬಳಿದವು.

ಇವರಲ್ಲಿ ಶ್ರೇಷ್ಠರಾರು? ರೇಟಿಂಗ್ ಅಳೆಯುವುದು ಸಮಕಾಲೀನರ ನಡುವಿನ ಬಲಾಬಲವನ್ನು ಮಾತ್ರ. ಮಾರ್ಫಿ ಕಾಲದಲ್ಲಿ ಅದೂ ಇರಲಿಲ್ಲ. ತಮ್ಮ ಕಾಲದವರಿಗಿಂತ ಬಹುದೂರ ಮುಂದಿದ್ದರು ಎಂಬಷ್ಟನ್ನು ಇಬ್ಬರ ಬಗೆಗೂ ಹೇಳಬಹುದು.

ಆದರೆ ಚದುರಂಗವೇ ಮನಸ್ಸನ್ನು ಕೆಡಿಸುತ್ತದೆ ಎನ್ನಲು ಈ ಎರಡು ಬದುಕುಗಳು ಸಾಲವು. 27 ವರ್ಷ (1894–1921) ಪಟ್ಟದಲ್ಲಿದ್ದ ಇಮಾನ್ಯುಯೆಲ್ ಲಾಸ್ಕರ್ ಗಣಿತಜ್ಞರಾಗಿಯೂ ಹೆಸರು ಮಾಡಿದರು. ಐದು ಬಾರಿ ವಿಶ್ವ ಚಾಂಪಿಯನ್ ಆದ ವಿಶ್ವನಾಥನ್ ಆನಂದ್ ಸಂಯಮಕ್ಕೇ ಹೆಸರಾದವರು.