ಸಗರದ ಕಲ್ಲು, ದೂರದೂರಿನ ಕಾಗದ

ಶಹಾಪುರದ ಸಮೀಪ ವಿಭೂತಿಹಳ್ಳಿಯ ಬಯಲಿನಲ್ಲಿ ಗುಂಡುಗಲ್ಲುಗಳು ಸಾಲುಗಟ್ಟಿ ಕೂತಿವೆ. ಬೃಹತ್ ಶಿಲಾಯುಗದ ಜನ ಇಟ್ಟ ಕಲ್ಲುಗಳಿವು. ಇವನ್ನು ಕಾಗದಕ್ಕಿಳಿಸಿದವರಲ್ಲಿ ಮೊದಲಿಗ ಮೆಡೋಸ್ ಟೇಲರ್. 1841ರಲ್ಲಿ ಸುರಪುರ ಸಂಸ್ಥಾನದ ಉಸ್ತುವಾರಿಗೆ ಬಂದು 1853ರವರೆಗೆ ಇದ್ದ ಈ ಅಧಿಕಾರಿಯ ಬಂಗಲೆ ‘ಟೇಲರ್ ಮಂಜಿಲ್’ ಇಂದಿಗೂ ಸುರಪುರದ ಗುಡ್ಡದ ಮೇಲಿದೆ. ಅವನ ಬರಹ ಮಾತ್ರ ಮುಂಬಯಿಯ ಏಷ್ಯಾಟಿಕ್ ಸೊಸೈಟಿ ಪತ್ರಿಕೆ ಸೇರಿತು. ಆಮೇಲೆ ಬರೆದದ್ದು ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಸಂಪುಟಕ್ಕೆ ಹೋಯಿತು.

ಶಹಾಪುರ–ಸುರಪುರ ಸೀಮೆಯ ಈ ಸಗರನಾಡಿನ ವಿದ್ಯೆಯ ಚರಿತ್ರೆಯೇ ಹೀಗೆ. ಕಲ್ಲು ಇಲ್ಲಿ, ಕಾಗದ ಮತ್ತೆಲ್ಲೋ.

ನೂರು ವರ್ಷ ದಾಟಿದ ಮೇಲೆ ಪುಣೆಯ ಡೆಕ್ಕನ್ ಕಾಲೇಜಿನಿಂದ ಕೆ. ಪದ್ದಯ್ಯ ಎಂಬ ಯುವ ಸಂಶೋಧಕ ಬಂದರು. ಕೃಷ್ಣಾ–ಭೀಮಾ ನದಿಗಳ ನಡುವಿನ ಈ ಸುರಪುರ ಸೀಮೆಯ ಪ್ರಾಗಿತಿಹಾಸವೇ ಅವರ ಪಿಎಚ್.ಡಿ. ವಿಷಯ. 1968ರಲ್ಲಿ ಪ್ರಬಂಧ ಪೂನಾ ವಿಶ್ವವಿದ್ಯಾಲಯಕ್ಕೆ ಸಲ್ಲಿಕೆಯಾಯಿತು. ಅದರಲ್ಲಿನ ನವಶಿಲಾಯುಗದ ಸಂಗತಿ 1973ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾಯಿತು. ವಿದ್ಯಾರ್ಥಿಯಾಗಿ ಹಿಡಿದ ಆ ದಾರಿಯನ್ನು ಪದ್ದಯ್ಯ ಬಿಡಲಿಲ್ಲ. ಅದೇ ಸೀಮೆಯ ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ಆದಿಶಿಲಾಯುಗದ ಇನ್ನೂರಕ್ಕೂ ಹೆಚ್ಚು ನೆಲೆಗಳು ಸಿಕ್ಕವು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವ ಸುಣ್ಣಗಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವೇ ಬಯಲಾಯಿತು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲನ್ನು ಪರೀಕ್ಷಿಸಿದಾಗ ಬಂದ ಕಾಲ ಸುಮಾರು 12 ಲಕ್ಷ ವರ್ಷ. 2002ರಲ್ಲಿ ಇದು ಪ್ರಕಟವಾಗಿ ವಿದ್ವತ್ ಲೋಕವನ್ನು ತಲುಪಿತು. ಹುಣಸಗಿಯ ಹುಡುಗ ಅದನ್ನು ಓದಬೇಕೆಂದರೆ ಮಾತ್ರ ದೊಡ್ಡ ಊರಿನ ಗ್ರಂಥಾಲಯವೇ ಗತಿಯಾಗಿತ್ತು.

ಹತ್ತಿರದ ಬಾಗಿಲು ತೆರೆದದ್ದು ಕಲಬುರಗಿಯಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ 1970ರಲ್ಲಿ ಅಲ್ಲಿ ಸ್ನಾತಕೋತ್ತರ ಕೇಂದ್ರ ಆರಂಭಿಸಿತು. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಸಗರದ ಮಕ್ಕಳು ತಮ್ಮ ನೆಲವನ್ನೇ ವಿಷಯ ಮಾಡಿಕೊಂಡು ಕನ್ನಡದಲ್ಲಿ ಬರೆಯಲು ಅನುಕೂಲವಾದದ್ದು ಆಗ. ಸುರಪುರದ ನಾಯಕರು, ಕೊಡೇಕಲ್ಲ ಬಸವಣ್ಣನ ಪರಂಪರೆ, ತಿಂಥಣಿ ಮೋನಪ್ಪಯ್ಯ, ಮುದನೂರಿನ ದೇವರ ದಾಸಿಮಯ್ಯ: ವಿಷಯಕ್ಕೇನೂ ಬರವಿರಲಿಲ್ಲ. ಬರವಿದ್ದದ್ದು ಓದುಗರಿಗೆ. ನಾಲ್ಕೈದು ಪ್ರತಿ ಟೈಪು, ರಟ್ಟಿನ ಬೈಂಡು, ಬೆನ್ನ ಮೇಲೆ ಬಂಗಾರದ ಅಕ್ಷರ. ವೈವಾ ಮುಗಿದ ಮೇಲೆ ಬೀರು.

ಆ ಬೀರುಗಳಿಗೆ ಕಿಂಡಿ ಕೊರೆದದ್ದು ಗಣಕಯಂತ್ರ. ಅಮೆರಿಕದ ವರ್ಜೀನಿಯಾ ಟೆಕ್ 1997ರಲ್ಲೇ ವಿದ್ಯಾರ್ಥಿಗಳ ಪ್ರಬಂಧ ಡಿಜಿಟಲ್ ರೂಪದಲ್ಲೇ ಇರಬೇಕೆಂದು ನಿಯಮ ಮಾಡಿತ್ತು. ಕರ್ನಾಟಕವೇನೂ ಹಿಂದೆ ಬೀಳಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಶಾಲಿನಿ ಅರಸ್ ಅವರ ನೇತೃತ್ವದಲ್ಲಿ 2000ದಲ್ಲಿ ಪ್ರಬಂಧಗಳ ಡಿಜಿಟಲ್ ಭಂಡಾರ ‘ವಿದ್ಯಾನಿಧಿ’ ಹುಟ್ಟಿತು. 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನವರ ಲೇಖನಗಳಿಗೆ ಡಿಜಿಟಲ್ ಭಂಡಾರ ತೆರೆಯಿತು. ಆದರೆ ಇಡೀ ದೇಶವನ್ನು ಅಲುಗಿಸಿದ್ದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2009ರ ನಿಯಮ. ಪಿಎಚ್.ಡಿ., ಎಂ.ಫಿಲ್. ಪದವಿ ಕೊಟ್ಟ ವಿಶ್ವವಿದ್ಯಾಲಯ ಪ್ರಬಂಧದ ಡಿಜಿಟಲ್ ಪ್ರತಿಯನ್ನೂ ಒಪ್ಪಿಸಬೇಕು ಎಂದಿತು. ಗುಜರಾತಿನ ಗಾಂಧಿನಗರದ ಗ್ರಂಥಾಲಯ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ ಪ್ರಬಂಧ ಭಂಡಾರ ‘ಶೋಧಗಂಗಾ’ ಬೆಳೆದದ್ದು ಹೀಗೆ. ಗುಲಬರ್ಗಾದ ಪ್ರಬಂಧಗಳೂ ಅಲ್ಲಿಗೆ ಹರಿದವು. ಮತ್ತೆ ದೂರದೂರೇ, ನಿಜ. ಆದರೆ ಈ ಸಲ ಸುರಪುರದ ಬಸ್ ನಿಲ್ದಾಣದಲ್ಲಿ ಕೂತವನ ಮೊಬೈಲಿಗೂ ಅದು ಬರುತ್ತದೆ.

ತೆರೆದು ನೋಡಿದರೆ ಒಂದು ಪ್ರಬಂಧ ಹತ್ತಾರು ತುಂಡು. ಶೀರ್ಷಿಕೆ ಒಂದು ಕಡತ, ಪ್ರಮಾಣಪತ್ರ ಇನ್ನೊಂದು, ಘೋಷಣೆ ಮತ್ತೊಂದು, ಆಮೇಲೆ ಅಧ್ಯಾಯಕ್ಕೊಂದು. ಅವಸರದವರು ಕೊನೆಯ ಅಧ್ಯಾಯ ಇಳಿಸಿಕೊಂಡು ಹೊರಡುತ್ತಾರೆ. ಗಟ್ಟಿ ಸರಕಿರುವುದು ಅನುಬಂಧದಲ್ಲಿ. ಜಾನಪದದ ಪ್ರಬಂಧವಾದರೆ ಹಾಡಿದ ವಕ್ತೃಗಳ ಹೆಸರು, ಊರು, ವಯಸ್ಸು. ಇತಿಹಾಸದ್ದಾದರೆ ಶಾಸನಗಳ ಪಟ್ಟಿ, ಕೈಯಲ್ಲಿ ಬರೆದ ನಕಾಶೆ, ಮಸುಕಾದ ಫೋಟೊ. ಸಮಾಜಶಾಸ್ತ್ರದ್ದಾದರೆ ಮನೆಮನೆಗೆ ಒಯ್ದ ಪ್ರಶ್ನಾವಳಿ. ಪುಸ್ತಕ ಮಾಡುವಾಗ ಪ್ರಕಾಶಕರು ಮೊದಲು ಕತ್ತರಿ ಹಾಕುವುದು ಇದಕ್ಕೇ. ತೀರ್ಮಾನಗಳಿಗೆ ವಯಸ್ಸಾಗುತ್ತದೆ, ಈ ಪಟ್ಟಿಗಳಿಗೆ ಬೆಲೆ ಏರುತ್ತದೆ.

ತೊಡಕೂ ಇದೆ. ಕನ್ನಡ ಪ್ರಬಂಧ ಬಹಳ ಸಲ ಸ್ಕ್ಯಾನ್ ಮಾಡಿದ ಚಿತ್ರವಾಗಿರುತ್ತದೆ, ಇಲ್ಲವೇ ‘ನುಡಿ’ ತಂತ್ರಾಂಶದ, ಯುನಿಕೋಡ್ ಅಲ್ಲದ ಹಳೆಯ ಅಕ್ಷರದಲ್ಲಿರುತ್ತದೆ. ‘ತಿಂಥಣಿ’ ಎಂದು ಹುಡುಕಿದರೆ ಒಳಗಿನ ಪುಟ ಸಿಗದು. ಶೀರ್ಷಿಕೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಏರಿಸಿದ್ದರೆ ಕಾಗುಣಿತವನ್ನು ಊಹಿಸಬೇಕು: ಸುರಪುರವೋ, ಶೋರಾಪುರವೋ?

ಇನ್ನು ಶೋಧಗಂಗಾ ಮುಖ್ಯವಾಗಿ ಪಿಎಚ್.ಡಿ.ಗಳ ಮನೆ. 2022ರ ಯುಜಿಸಿ ನಿಯಮದಲ್ಲಿ ಎಂ.ಫಿಲ್. ಪದವಿಯೇ ನಿಂತಿತು. ಎಂ.ಎ. ಹುಡುಗರ ಕಿರುಪ್ರಬಂಧವನ್ನು, ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕವನ್ನು ಯಾವ ರಾಷ್ಟ್ರೀಯ ನಿಯಮವೂ ಕೇಳಿಲ್ಲ. ಪರದೇಶದ ಎಷ್ಟೋ ವಿಶ್ವವಿದ್ಯಾಲಯಗಳ ಭಂಡಾರದಲ್ಲಿ ಪದವಿ ವಿದ್ಯಾರ್ಥಿಗಳ ಪ್ರಬಂಧ, ಭಿತ್ತಿಪತ್ರ, ದತ್ತಾಂಶ, ಧ್ವನಿಮುದ್ರಿಕೆಗಳಿಗೂ ಜಾಗವಿದೆ. ತಿಂಥಣಿ ಜಾತ್ರೆಗೆ ಹೋಗಿ ಒಂದು ಹಾಡು ಬರೆದುಕೊಂಡು ಬಂದ ವಿದ್ಯಾರ್ಥಿಯ ಹಾಳೆ, ಅಂಕ ಬಿದ್ದ ಮೇಲೆ, ಇನ್ನೂ ವಿಭಾಗದ ಬೀರುವಿನ ಪಾಲೇ.