ಸ್ಕ್ಯಾನ್

ಬೆಂಗಳೂರಿನ ಪಟ್ಟಂದೂರು ಅಗ್ರಹಾರದ ಟೀ ಅಂಗಡಿಯಲ್ಲಿ ‘ಸ್ಕ್ಯಾನ್ ಮಾಡಿ’ ಎಂದರೆ ಹಣ ಕೊಡಿ ಎಂದರ್ಥ. ಮೆಟ್ರೊದಲ್ಲಿ ಮುಂದಿನ ನಿಲ್ದಾಣವಾದ ಶ್ರೀ ಸತ್ಯಸಾಯಿ ಆಸ್ಪತ್ರೆಗೆ ಬಂದರೆ ಅದೇ ಪದಕ್ಕೆ ಎದೆ ಡವಗುಟ್ಟುತ್ತದೆ.

ಮೂಲ ಲ್ಯಾಟಿನ್ನಿನ ‘ಸ್ಕಾಂಡೆರೆ’, ಅಂದರೆ ಹತ್ತು, ಏರು. ಇಂಗ್ಲಿಷಿನಲ್ಲಿ ಮೊದಲು ಪದ್ಯದ ಗಣ ವಿಂಗಡಿಸುವುದಕ್ಕೆ ಈ ಹೆಸರಿತ್ತು. ಶಾಲೆಯಲ್ಲಿ ಲಘು ಗುರು ಗುರುತಿಸಿ ಪ್ರಸ್ತಾರ ಹಾಕುತ್ತಿದ್ದೆವಲ್ಲ, ಅದೇ ಕೆಲಸ! ಮುಂದೆ ‘ಕೂಲಂಕಷವಾಗಿ ನೋಡು’ ಎಂದಾಯಿತು. 20ನೇ ಶತಮಾನದಲ್ಲಿ ಯಂತ್ರಕ್ಕೆ ಅಂಟಿತು. 1971ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರ ರೋಗಿಯೊಬ್ಬರ ಮೆದುಳನ್ನು ಪದರ ಪದರವಾಗಿ ತೋರಿಸಿತು.

ಕನ್ನಡದ ಮನೆಮಾತಿನಲ್ಲಿ ಬಹುಕಾಲ ‘ಸ್ಕ್ಯಾನಿಂಗ್’ ಎಂದರೆ ಬಸುರಿಯರ ತಪಾಸಣೆ. 2020-21ರ ಕೋವಿಡ್ ಆ ಪದವನ್ನು ಶ್ವಾಸಕೋಶಕ್ಕೆ ತಂದಿತು. ‘ಸ್ಕೋರ್ ಎಷ್ಟು?’ ಎಂದು ನೆಂಟರು ಕೇಳುತ್ತಿದ್ದರು. ಶ್ವಾಸಕೋಶದ ಐದು ಹಾಲೆಗಳಿಗೆ ತಲಾ 5ರಂತೆ ಒಟ್ಟು 25. ಅಂಕ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಎಷ್ಟು ಮನೆಗಳು ಆ ಒಂದು ಸಂಖ್ಯೆಗಾಗಿ ಉಸಿರು ಬಿಗಿಹಿಡಿದು ಕಾದವು!

ಆ ಸಿ.ಟಿ. ವರದಿಯಲ್ಲಿ ಕಾಣುವ ‘ಗ್ರೌಂಡ್ ಗ್ಲಾಸ್’ ಎಂದರೆ ಉಜ್ಜಿದ ಗಾಜಿನಂಥ ಮಬ್ಬು ಬಿಳುಪು. ಅದರೊಳಗೂ ರಕ್ತನಾಳಗಳು ಕಾಣುತ್ತಿರುತ್ತವೆ. ಹಲವರಲ್ಲಿ ಅದು ವಾರಗಳಲ್ಲಿ, ತಿಂಗಳುಗಳಲ್ಲಿ ಕರಗುತ್ತದೆ. ಕೆಲವರಲ್ಲಿ ಗಾಯದ ಗೆರೆಗಳಾಗಿ ಉಳಿಯುತ್ತದೆ. ಹಾಗೆಂದು ಗುಣವಾದವರೆಲ್ಲರಿಗೂ ಮತ್ತೆ ಸಿ.ಟಿ. ಬೇಕಿಲ್ಲ. ತೀವ್ರ ಸೋಂಕಿನಿಂದ ಚೇತರಿಸಿಕೊಂಡವರಿಗೆ ಸುಮಾರು 12 ವಾರಗಳ ನಂತರ ಎದೆಯ ಎಕ್ಸ್-ರೇ ಮಾಡಿಸುವುದು ವಾಡಿಕೆ. ಅದು ತಿಳಿಯಾಗಿರದಿದ್ದರೆ, ಅಥವಾ ಮೆಟ್ಟಿಲು ಹತ್ತುವಾಗ ಏದುಸಿರು ಉಳಿದಿದ್ದರೆ, ವೈದ್ಯರು ‘ಸ್ಕ್ಯಾನಿಂಗಿಗೆ ಬರೆದುಕೊಡುತ್ತಾರೆ’.