ಮನೆಗೆಲಸ, ಮಕ್ಕಳು ಮತ್ತು ಕೈಖರ್ಚಿನ ಕಾಸು



ಆರ್.ಟಿ. ನಗರ, ಹೆಬ್ಬಾಳದ ಕಡೆಯ ಕೆಲವು ಮನೆಗಳಲ್ಲಿ ಇಂದು ಒಂದು ಲೆಕ್ಕ ಕೇಳಿಬರುತ್ತದೆ. ಪಾತ್ರೆ ತೊಳೆದರೆ ಹತ್ತು ರೂಪಾಯಿ, ಅಂಗಡಿಯಿಂದ ಹಾಲು ತಂದರೆ ಉಳಿದ ಚಿಲ್ಲರೆ ನಿನ್ನದು. ಹೀಗೆ ಮನೆಗೆಲಸಕ್ಕೆ ಪಾಕೆಟ್ ಮನಿ ಕೊಡುವುದು ಸರಿಯೇ ಎಂದು ತಂದೆ-ತಾಯಂದಿರು ಕೇಳುತ್ತಾರೆ. ಉತ್ತರ ಹೇಳುವ ಮೊದಲು ಸ್ವಲ್ಪ ಚರಿತ್ರೆಯನ್ನು ನೋಡೋಣ.

ನಿಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಯಲಹಂಕ, ಹೆಬ್ಬಾಳಗಳು ಬೆಂಗಳೂರಿನ ಹೊರಗಿನ ಊರುಗಳಾಗಿದ್ದವು. ಹೆಸರಘಟ್ಟದ ನೀರು 1890ರ ದಶಕದಲ್ಲೇ ನಗರಕ್ಕೆ ಹರಿಯಿತು, ಕಾವೇರಿಯ ನೀರು 1974ರಲ್ಲಿ ಬಂತು. ಆದರೆ ಸುತ್ತಲಿನ ಊರುಗಳಲ್ಲಿ ಬಾವಿಯಿಂದ ಕೊಡ ಹೊತ್ತವರು, ಸೌದೆ ಆಯ್ದವರು, ಸೀಮೆಎಣ್ಣೆಗೆ ಸಾಲು ನಿಂತವರು ಮಕ್ಕಳೇ. ಅದಕ್ಕೆ ಕೂಲಿ ಕೇಳುವ ಮಾತೇ ಇರಲಿಲ್ಲ. ಕೈಗೆ ಕಾಸು ಬಂದರೆ ಅದು ಹಿರಿಯರ ಪ್ರೀತಿಯ ಕಾಣಿಕೆ. ಹಬ್ಬದ ದಿನದ ಈದಿ ಅಂಥದ್ದು. ಆಗ ರೂಪಾಯಿಗೆ 16 ಆಣೆ. 1957ರ ಏಪ್ರಿಲ್ 1ರಂದು 100 ನಯಾ ಪೈಸೆಯ ಲೆಕ್ಕ ಜಾರಿಗೆ ಬಂದು ನಾಲ್ಕಾಣೆಯ ಪಾವಲಿ 25 ಪೈಸೆಯಾಯಿತು. ಆ ನಾಣ್ಯವೂ 2011ರ ಜೂನ್ 30ರಂದು ಚಲಾವಣೆಯಿಂದ ಹೋಯಿತು.

ಬಡವರ ಮನೆಗಳಲ್ಲಿ ಮಾತ್ರ ಮಕ್ಕಳ ದುಡಿಮೆಗೆ ಬೆಲೆ ಕಟ್ಟಲಾಗುತ್ತಿತ್ತು. ಬೆಂಗಳೂರಿನ ಎಷ್ಟೋ ಮೊಹಲ್ಲಾಗಳಲ್ಲಿ ತಾಯಂದಿರು ಮನೆಯಲ್ಲೇ ಕುಳಿತು ಊದುಬತ್ತಿ ಹೊಸೆದರು, ಬೀಡಿ ಕಟ್ಟಿದರು. ಪಕ್ಕದಲ್ಲಿ ಹೆಣ್ಣುಮಕ್ಕಳೂ ಕುಳಿತರು. ಸಾವಿರಕ್ಕೆ ಇಷ್ಟೆಂದು ಸಿಕ್ಕ ಕೂಲಿ ಅಕ್ಕಿ-ಬೇಳೆಗೆ ಹೋಯಿತು, ಮಗುವಿನ ಕೈಗೆ ಬರಲಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆ ಬೀಡಿ ಕೆಲಸದಲ್ಲಿ ಮಕ್ಕಳನ್ನು ನಿಷೇಧಿಸಿದರೂ ಕುಟುಂಬದವರೇ ಸೇರಿ ಮಾಡುವ ಕೆಲಸಕ್ಕೆ ವಿನಾಯಿತಿ ಕೊಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿಸಿತು. 2016ರ ತಿದ್ದುಪಡಿಯ ಪ್ರಕಾರ 14 ತುಂಬದ ಮಕ್ಕಳು ಅಪಾಯವಿಲ್ಲದ ಕುಟುಂಬದ ಕೆಲಸದಲ್ಲಿ ನೆರವಾಗಬಹುದು, ಅದೂ ಶಾಲೆಯ ಸಮಯದ ನಂತರ ಅಥವಾ ರಜೆಯಲ್ಲಿ ಮಾತ್ರ.

ಅಮೆರಿಕದಲ್ಲೂ ಇಂಥದೇ ಬದಲಾವಣೆ ನಡೆದಿತ್ತು. 1870ರಿಂದ 1930ರ ನಡುವೆ ಅಲ್ಲಿನ ಮಕ್ಕಳು ಕಾರ್ಖಾನೆ ಬಿಟ್ಟು ಶಾಲೆ ಸೇರಿದ ಕಥೆಯನ್ನು ಸಮಾಜಶಾಸ್ತ್ರಜ್ಞೆ ವಿವಿಯಾನಾ ಝೆಲೈಜರ್ 1985ರ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಮಕ್ಕಳ ಗಳಿಕೆ ನಿಂತಾಗ ಪಾಕೆಟ್ ಮನಿ ಬಂತು. ಅದು ಕೆಲಸದ ಕೂಲಿಯೋ, ಹಣ ಬಳಸುವ ಪಾಠವೋ ಎಂಬ ಚರ್ಚೆಯೂ ಆಗಲೇ ಹುಟ್ಟಿತು. ಜರ್ಮನಿಯ ಲೈಪ್‌ಜಿಗ್‌ನ ಇಬ್ಬರು ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಿಡತಕ್ಕದ್ದು. ನೆರವಾದಾಗಲೆಲ್ಲ ಬಹುಮಾನ ಪಡೆದ 20 ತಿಂಗಳ ಕೂಸುಗಳು, ಬಹುಮಾನ ನಿಂತ ಮೇಲೆ ಉಳಿದ ಕೂಸುಗಳಿಗಿಂತ ಕಡಿಮೆ ನೆರವಾದವು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಎಷ್ಟೋ ಮನೆಗಳಲ್ಲಿ ಕೆಲಸ ಮಗಳಿಗೆ, ಕಾಸು ಮಗನಿಗೆ. ಅವಳು ಕಸ ಗುಡಿಸಿದರೆ ಕರ್ತವ್ಯ, ಅವನು ಒಮ್ಮೆ ಗುಡಿಸಿದರೆ ಬಹುಮಾನ. ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಮಾಡುವ ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆಂದು ಕಂಡುಬಂತು. ಈ ಅಂತರ ಮದುವೆಯಾದ ಮೇಲೆ ಹುಟ್ಟುವುದಲ್ಲ. ನಾವು ಬಾಲ್ಯದಲ್ಲೇ ಕಲಿಸುತ್ತೇವೆ. ಅವಳು ಗುಡಿಸುವ ಹೊತ್ತಿನಲ್ಲಿ ಅವನು ಓದುತ್ತಾನೆ ಎಂಬುದನ್ನು ಶಿಕ್ಷಣದ ಬಗ್ಗೆ ಮಾತನಾಡುವ ನಾವು ಮರೆಯಬಾರದು.

ಹಾಗಾದರೆ ಮಕ್ಕಳಿಗೆ ಹಣ ಕೊಡಲೇಬಾರದೇ? ಕೊಡಬೇಕು, ಸಣ್ಣ ಮೊತ್ತವಾದರೂ ಸಾಕು. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬರು ಆರಂಭಿಸಿದ ಬ್ಯಾಂಕಿನಲ್ಲಿ ಮೊದಲ ದಿನ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ ಬೆಳೆದು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ತಂದು ಬಡವರಿಗೂ ಉಳಿತಾಯ ಕಲಿಸಿತು.

ಆದ್ದರಿಂದ ಹೆತ್ತವರಲ್ಲಿ ನಮ್ಮ ಸಲಹೆ ಇಷ್ಟೇ. ತನ್ನ ತಟ್ಟೆ ತೊಳೆಯುವುದು, ಹಾಸಿಗೆ ಮಡಚುವುದು, ಅಮ್ಮನಿಗೆ ನೆರವಾಗುವುದು ಎಲ್ಲ ಮಕ್ಕಳ ಪಾಲಿನ ಕೆಲಸ. ಅದಕ್ಕೆ ಬೆಲೆ ಕಟ್ಟಬೇಡಿ. ಕೈಖರ್ಚಿನ ಹಣವನ್ನು ಬೇರೆಯಾಗಿ, ವಾರಕ್ಕೊಮ್ಮೆ, ಮಗನಿಗೂ ಮಗಳಿಗೂ ಸಮನಾಗಿ ಕೊಡಿ, ಲೆಕ್ಕ ಬರೆಯಲು ಕಲಿಸಿ. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ನಡೆಸಬಹುದಾದ ಉಳಿತಾಯ ಖಾತೆಗೆ ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ನೀಡಿದೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಇಂದು ರಾತ್ರಿ ಊಟವಾದ ಮೇಲೆ ಪಾತ್ರೆ ತೊಳೆಯಲು ಯಾರು ಏಳುತ್ತಾರೆಂದು ನೋಡಿ. ಅದು ದಿನವೂ ನಿಮ್ಮ ಅಕ್ಕನೋ ತಂಗಿಯೋ ಆಗಿದ್ದರೆ, ನಾಳೆ ನೀವು ಏಳಿ.